ತೂತು ಬಿದ್ದ ಅವರೆಕಾಯಿ

ಒಂದೇ ಅವರೆಕಾಯಿಯ ಹೊಟ್ಟೆಯಲ್ಲಿ ಅಕ್ಕ ತಂಗಿ ಕಾಳುಗಳಿಬ್ಬರು ಮೈಗೆ ಮೈ ತಾಗಿಸಿಕೊಂಡೇ ಬೆಳೆದರು. ಬಿತ್ತನೆಯ ಬೀಜವಾಗಬೇಕು, ಮತ್ತೆ ಬಳ್ಳಿಯಾಗಿ ಹಬ್ಬಬೇಕು ಎಂಬುದೊಂದೇ ಅಕ್ಕನ ಆಸೆ. ಅಷ್ಟರಲ್ಲಿ ಹುಳುವೊಂದು ಸಿಪ್ಪೆ ಕೊರೆದು ಒಳಗೆ ಬಂತು.

"ನನಗೆ ಒಬ್ಬರು ಸಾಕು. ಯಾರನ್ನು ತಿನ್ನಲಿ?" ಎಂದಿತು.

"ಇವಳನ್ನು ತಿನ್ನು, ಎಳೆಯವಳು," ಎಂದಳು ಅಕ್ಕ.

"ಅಕ್ಕಾ, ಹುಟ್ಟಿದಾಗಿನಿಂದ ನಿನ್ನ ಪಕ್ಕ ಬಿಟ್ಟು ಕದಲದವಳು ನಾನು!"

"ಅದಕ್ಕೇ ಕಣೇ. ನನ್ನ ಬದಲು ಹುಳುವಿಗೆ ಕೊಡೋಣವೆಂದರೆ ನನಗೆ ಇಷ್ಟು ಹತ್ತಿರ ಇನ್ಯಾರು ಇದ್ದಾರೆ?"

ಹುಳು ತಂಗಿಯನ್ನು ತಿಂದು ಹೊರಟುಹೋಯಿತು. ಕಾಯಿ ಒಣಗಿದ ಮೇಲೆ ಹೊಲದೊಡತಿ ಪುಟ್ಟತಾಯಮ್ಮ ಬೀಜಕ್ಕೆಂದು ಆರಿಸಲು ಕುಳಿತಳು.

"ತಾಯೀ, ನಾನು ಗಟ್ಟಿಯಾಗಿದ್ದೇನೆ, ಸುಲಿದು ನೋಡು!" ಎಂದು ಅಕ್ಕ ಒಳಗಿನಿಂದ ಕೂಗಿದಳು.

"ಹುಳು ಹೊಕ್ಕ ಕಾಯಿಯನ್ನು ನಾನು ಸುಲಿಯುವುದಿಲ್ಲ," ಎಂದು ಪುಟ್ಟತಾಯಮ್ಮ ಅದನ್ನು ಸಿಪ್ಪೆಸಮೇತ ಎಮ್ಮೆಯ ಮುಂದೆ ಎಸೆದಳು.