ಸೀರೆ ಸಮೇತ ಹೊಲಿದ ಬೊಮ್ಮವ್ವ

ಕೌದಿ ಸರಿಯಾಗಿ ಹೊದ್ದುಕೋ, ಕಾಲು ಆಡಿಸಬೇಡ, ಹೂಂ ಅಂತಿರಬೇಕು. ಒಂದಾನೊಂದು ಕಾಲದಲ್ಲಿ, ಅಂದ್ರೆ ನಮ್ಮಜ್ಜಿಯ ಅಜ್ಜಿಗೂ ಹಲ್ಲು ಬರೋಕೆ ಮುಂಚೆ, ವರದಾ ಹೊಳೆ ದಂಡೆ ಮೇಲೆ ಒಂದು ಬುದ್ಧವಿಹಾರ ಇತ್ತಂತೆ. ಅಲ್ಲಿ ಬಿಕ್ಕುಗಳು, ಮನೆಮಾರು ಬಿಟ್ಟ ಸನ್ಯಾಸಿಗಳು, ಮಳೆಗಾಲ ಮೂರು ತಿಂಗಳು ಎಲ್ಲೂ ಹೋಗದೆ ಇರ್ತಿದ್ರಂತೆ. ಮಳೆ ನಿಂತ ಮೇಲೆ ಒಂದು ಹಬ್ಬ. ಅವತ್ತು ಊರೋರೂ ಬಿಕ್ಕುಗಳೂ ಒಟ್ಟಿಗೆ ಕೂತು, ತುಂಡು ಬಟ್ಟೆಗಳನ್ನ ಜೋಡಿಸಿ ಒಂದು ಚೀವರ ಹೊಲೀಬೇಕು, ಚೀವರ ಅಂದ್ರೆ ಬಿಕ್ಕು ಹೊದೆಯೋ ಬಟ್ಟೆ. ಬೆಳಿಗ್ಗೆ ಶುರು ಮಾಡಿದ್ರೆ ಹೊಲಿದು, ಹಲಸಿನ ಚಕ್ಕೆ ಕುದಿಸಿದ ಬಣ್ಣದಲ್ಲಿ ಅದ್ದಿ, ಹೊತ್ತು ಮುಳುಗೋದರೊಳಗೆ ಕೊಟ್ಟುಬಿಡಬೇಕು. ನಾಳೆಗೆ ಅಂತ ಇಡೋ ಹಾಗಿಲ್ಲವಂತೆ.

ಆ ಊರಲ್ಲಿ ಬೊಮ್ಮವ್ವ ಅಂತ ಒಬ್ಬ ಮುದುಕಿ. ಮೂವತ್ತು ವರ್ಷದಿಂದ ಚೀವರದ ಅಂಚು ಹೊಲೀತಿದ್ದೋಳು ಅವಳೇ. ಗಂಡ ಇಲ್ಲ, ಮಕ್ಕಳಿಲ್ಲ, ಹಬ್ಬದಲ್ಲಿ ಜೊತೆಗೆ ಕೂತು ಹೊಲಿಯೋ ಆ ಜನವೇ ಅವಳ ಬಳಗ. ಆದ್ರೆ ಆ ವರ್ಷ ಕಣ್ಣು ಮಂಜಾಗಿಬಿಟ್ಟಿತ್ತಂತೆ. ಹಿಂದಿನ ವರ್ಷ, ಜೊತೆಗೆ ತುಂಡು ಜೋಡಿಸ್ತಿದ್ದ ಹೊನ್ನಜ್ಜಿಗೆ ಹೀಗೇ ಆದಾಗ, ಪಾಪ, ನೀನು ನೆರಳಲ್ಲಿ ಸುಧಾರಿಸ್ಕೋ ಅಂದಿದ್ರು. ಹೊನ್ನಜ್ಜಿ ಆಮೇಲೆ ವಿಹಾರಕ್ಕೆ ಬರೋದನ್ನೇ ಬಿಟ್ಟಿದ್ಳು. ನನ್ನನ್ನೂ ಹಾಗೇ ಮೂಲೇಲಿ ಕೂರಿಸಿಬಿಟ್ರೆ ಅಂತ ಬೊಮ್ಮವ್ವನಿಗೆ ಹೆದರಿಕೆ.

ಅದಕ್ಕೆ ಏನು ಮಾಡಿದ್ಳು? ಹಬ್ಬದ ದಿನ ಮೊದಲ ಸಲ ದಾರ ಮುಗಿದಾಗ ಕುಂಬಾರರ ಸೊಸೆ ಗಂಗಿನ ಕರೆದು, ನಿನ್ನ ಕಣ್ಣು ಹೇಗಿದೆ ನೋಡೋಣ, ಈ ಸೂಜಿಗೆ ದಾರ ಪೋಣಿಸು ಅಂದ್ಳಂತೆ. ಆಮೇಲೆ ಎರಡನೇ ಸಲ ಒಬ್ಬ ಎಳೇ ಬಿಕ್ಕುವಿಗೆ, ಅಯ್ಯೋ ಸ್ವಾಮಿ, ಎಲೆಗೆ ಸುಣ್ಣ ಹಚ್ಚಿದ ಬೆರಳು, ದಾರಕ್ಕೆ ಮೆತ್ತೀತು, ನೀವೇ ಪೋಣಿಸಿಕೊಡಿ ಅಂದ್ಳಂತೆ. ಆಮೇಲೆ ಮೂರನೇ ಸಲ ಗಾಣದ ಮಾಚಣ್ಣನ್ನ ಹಿಡಿದು, ಎಣ್ಣೆ ತೆಗೆಯೋ ಕೈಗೆ ಸೂಜಿ ಹಿಡಿಯೋಕೆ ಬರುತ್ತೇನೋ ಅಂತ ಕೆಣಕಿದ್ಳಂತೆ. ಅವನು ಮೀಸೆ ತಿರುವಿ ಪೋಣಿಸಿಕೊಟ್ಟನಂತೆ. ಗೆದ್ದೆ ಅಂದ್ಕೊಂಡ್ಳು ಮುದುಕಿ.

ಹೊತ್ತು ಇಳೀತು, ಬಣ್ಣದ ಹಂಡೆ ಕುದೀತಾ ಇತ್ತು. ಅಂಚು ಮುಗೀತು ಅಂತ ಬೊಮ್ಮವ್ವ ಗಂಟು ಹಾಕಿ ಏಳೋಕೆ ಹೋದ್ರೆ, ಚೀವರ ಅವಳ ಜೊತೆಗೇ ಎದ್ದು ಬಂತಂತೆ! ತೊಡೆ ಮೇಲಿದ್ದ ಸೀರೇನೂ ಸೇರಿಸಿ ಹೊಲಿದುಬಿಟ್ಟಿದ್ಳು. ಗಂಗಿ ಓಡಿಬಂದು ಹೊಲಿಗೆ ಬಿಚ್ಚೋಕೆ ನೋಡಿದ್ಳು. ಬಿಚ್ಚಿಬಂದ್ರೆ ತಾನೆ! ಕಣ್ಣು ಹೋದ್ರೂ ಕೈ ಹೋಗಿರ್ಲಿಲ್ಲ, ಇರುವೆ ಸಾಲಿನ ಹಾಗೆ ಒತ್ತೊತ್ತಾದ ಹೊಲಿಗೆ. ಬೊಮ್ಮವ್ವ ಗೊಳೋ ಅಂತ ಅತ್ಳು. ನನಗೆ ಕಣ್ಣು ಕಾಣಲ್ಲ ಕಣ್ರೋ, ನಿಮ್ಮ ಜೊತೆ ಕೂರೋ ಆಸೆಗೆ ಸುಳ್ಳು ಹೇಳ್ದೆ, ಎಲ್ಲರ ಕೆಲಸ ಹಾಳು ಮಾಡ್ದೆ ಅಂದ್ಳಂತೆ.

ಆಮೇಲೆ ಹಿರೇ ಬಿಕ್ಕು ಬಂದು ಎದುರಿಗೆ ಕೂತು, ತಾಯೀ, ಇದು ತುಂಡುಗಳನ್ನ ಜೋಡಿಸಿದ ಬಟ್ಟೆ ತಾನೆ, ನಿನ್ನ ಸೀರೆ ತುಂಡನ್ನೂ ಕೊಡ್ತೀಯಾ ಅಂತ ಕೇಳಿದ್ರಂತೆ. ಹೂಂ ಅಂತ ತಲೆ ಆಡಿಸಿದ್ಳು. ಗಂಗಿ ತನ್ನ ಹೊದಿಕೆ ಅವಳಿಗೆ ಸುತ್ತಿ, ಅಂಚಿನಗುಂಟ ಸೀರೆ ಕತ್ತರಿಸಿದ್ಳು. ಹಂಡೆಯಿಂದ ತೆಗೆದಾಗ ಯಾವ ತುಂಡು ಯಾರದ್ದು ಅಂತ ಗೊತ್ತೇ ಆಗ್ಲಿಲ್ಲವಂತೆ, ಎಲ್ಲಾ ಒಂದೇ ಹಲಸಿನ ಬಣ್ಣ. ಹೊತ್ತು ಮುಳುಗೋಕೆ ಮುಂಚೆ ಕೊಟ್ಟೂ ಆಯ್ತು.

ಆದ್ರೂ ಮುಂದಿನ ವರ್ಷ, ಹಬ್ಬಕ್ಕೆ ಯಾವ ಮುಖ ಇಟ್ಕೊಂಡು ಹೋಗ್ಲಿ ಅಂತ ಬೊಮ್ಮವ್ವ ಬಾಗಿಲು ಹಾಕ್ಕೊಂಡು ಕೂತ್ಳಂತೆ. ಬೆಳಿಗ್ಗೆ ಯಾರೋ ಬಾಗಿಲು ತಟ್ಟಿದ್ರು. ತೆಗೆದ್ರೆ ಗಂಗಿ, ಎಳೇ ಬಿಕ್ಕು, ಹೊನ್ನಜ್ಜಿನ ಕೈಹಿಡಿದು ಕರ್ಕೊಂಡು ಬಂದ ಮಾಚಣ್ಣ, ಹಿಂದೆ ಅರ್ಧ ಊರು. ಎಲ್ಲರ ಕೈಯಲ್ಲೂ ದಾರ ಪೋಣಿಸಿದ ಒಂದೊಂದು ಸೂಜಿ. ಗಂಗಿ ಮುಂದೆ ಬಂದು, ಅವ್ವಾ, ನಮ್ಮ ಕಣ್ಣು ಹೇಗಿದೆ ನೋಡು ಅಂದ್ಳಂತೆ. ಕಳ್ಳಿ, ಅವತ್ತು ನಾನು ದಾರ ಪೋಣಿಸು ಅಂದಾಗ್ಲೇ ಗೊತ್ತಿತ್ತೇನೇ ನಿಂಗೆ ಅಂತ ಬೊಮ್ಮವ್ವ ಅಳ್ತಾ ನಗ್ತಾ ಸೆರಗು ಸಿಕ್ಕಿಸ್ಕೊಂಡು ಹೊರಟಳಂತೆ.

ಆಮೇಲೆ ಇಬ್ಬರು ಮುದುಕಿಯರೂ ಬದುಕಿರೋ ತನಕ ಒಂದೊಂದು ಅಂಚು ಹಿಡಿದು ಹೊಲಿದ್ರಂತೆ. ಕತೆ ಮುಗೀತು, ದಾರಕ್ಕೆ ಗಂಟೂ ಬಿತ್ತು. ಮಲಗು ನನ್ನ ಬಂಗಾರ. ಬೆಳಿಗ್ಗೆ ಎದ್ದು ನನ್ನ ಕೌದಿ ಸೂಜಿಗೆ ದಾರ ಪೋಣಿಸಿಕೊಡು, ನಿನ್ನ ಕಣ್ಣು ಹೇಗಿದೆ ನೋಡೋಣ.