ಹಿಟ್ಟು ಹುರಿದ ನೀರುನಾಯಿ

ಲೂಸಿಯಾನಾ ಎಂಬ ದೂರದ ಸೀಮೆಯಲ್ಲಿ, ನೆಲ ಎಲ್ಲಿ ಮುಗಿಯಿತು, ನೀರು ಎಲ್ಲಿ ಶುರುವಾಯಿತು ಎಂದು ಹೇಳಲಾಗದ ಒಂದು ಜೌಗು ಕಾಡಿನಲ್ಲಿ ಒಡೀಲಜ್ಜಿ ಎಂಬ ಮುದಿ ಆಮೆ ಇದ್ದಳು. ಕಾಡಿನ ಪಕ್ಕದಲ್ಲೇ ಕೇಜನ್ ಜನರ ಊರು. ಅವರನ್ನು ನೋಡಿ ನೋಡಿ ಪ್ರಾಣಿಗಳಿಗೂ ಅವರದೇ ಹೆಸರು, ಅವರದೇ ಪಿಟೀಲು, ಅವರದೇ ಅಡುಗೆಯ ಹುಚ್ಚು ಅಂಟಿಕೊಂಡಿತ್ತು.

ವರ್ಷಕ್ಕೊಮ್ಮೆ ಎಲ್ಲರೂ ಹಾಡುತ್ತ ಮನೆಮನೆಗೆ ಹೋಗುತ್ತಿದ್ದರು. ಒಂದು ಮನೆಯಲ್ಲಿ ಈರುಳ್ಳಿ ಕೊಟ್ಟರೆ ಇನ್ನೊಂದರಲ್ಲಿ ಬೆಂಡೆಕಾಯಿ, ಮತ್ತೊಂದರಲ್ಲಿ ಹಿಡಿ ಮೆಣಸು. ಎಲ್ಲವೂ ಒಂದೇ ಕೊಪ್ಪರಿಗೆಯಲ್ಲಿ ಹುರಿದ ಹಿಟ್ಟಿನ ಜೊತೆ ಬೆಂದು ಗಂಬೋ ಎಂಬ ಗಟ್ಟಿ ಸಾರಾಗುತ್ತಿತ್ತು. ಒಲೆಯ ಪಕ್ಕದ ದೊಡ್ಡ ಮರದಲ್ಲಿ ಮನೆಗೊಂದರಂತೆ ಮರದ ಬೋಗುಣಿಗಳು ತೂಗುತ್ತಿದ್ದವು. ಬೋಗುಣಿ ಇದ್ದವರು ನಮ್ಮವರು, ಇಲ್ಲದವರು ಬಂದುಹೋಗುವವರು.

ನೀರುನಾಯಿ ಝೆನೋಗೆ ಬೋಗುಣಿ ಇರಲಿಲ್ಲ. ಪಾಪ, ಹೋದ ಮಳೆಗಾಲದ ನೆರೆ ಅವನನ್ನು ಎಲ್ಲಿಂದಲೋ ಹೊತ್ತು ತಂದು ಇಲ್ಲಿ ಬಿಟ್ಟಿತ್ತು.

"ಈ ಸಲ ಹಿಟ್ಟು ಹುರಿಯೋ ಕೆಲಸ ನಿಂದು, ಮಗಾ. ಚೆನ್ನಾಗಿ ಮಾಡಿದರೆ ನಿನ್ನ ಬೋಗುಣೀನೂ ಮರ ಹತ್ತುತ್ತೆ," ಎಂದಳು ಅಜ್ಜಿ. "ಎಣ್ಣೆಗೆ ಹಿಟ್ಟು ಬಿದ್ದ ಮೇಲೆ ಸೌಟು ನಿಲ್ಲಬಾರದು. ನಿಂತರೆ ಸೀದುಹೋಗುತ್ತೆ."

"ಆಗಲಿ ಅಜ್ಜಿ," ಎಂದ ಝೆನೋ. ಅವನ ಮೀಸೆ ಸಂತೋಷಕ್ಕೆ ನಡುಗುತ್ತಿತ್ತು.

ಸೌಟು ನಿಲ್ಲಬಾರದೆಂಬ ಮಾತು ಅಲ್ಲಿನ ಮರಿಗಳಿಗೂ ಗೊತ್ತು. ಗೊತ್ತಿಲ್ಲದವನು ರಕೂನ್ ಅಲ್ಸೀಡ್ ಒಬ್ಬನೇ. ಸೌಟು ಹಿಡಿಯುವ ಸರದಿ ಬಂದಾಗಲೆಲ್ಲ ಅವನಿಗೆ ಸೊಂಟ ಹಿಡಿದುಕೊಳ್ಳುತ್ತಿತ್ತು. ಅವನ ಕಣ್ಣಿನ ಸುತ್ತ ಕಪ್ಪು ಪಟ್ಟಿ, ಬಾಲದ ತುಂಬ ಬಳೆಬಳೆ. ಏನೇ ಸಿಗಲಿ, ನೀರಿನಲ್ಲಿ ತೊಳೆಯದೆ ಬಾಯಿಗಿಡುತ್ತಿರಲಿಲ್ಲ. ಅಂಥ ಮಡಿವಂತ!

ಆ ದಿನ ಝೆನೋನನ್ನು ಒಲೆಯ ಬಳಿ ಬಿಟ್ಟು ಎಲ್ಲರೂ ಹಾಡುತ್ತ ಹೊರಟರು. ದಾರಿಯಲ್ಲಿ ಅಲ್ಸೀಡ್, "ಅಯ್ಯೋ ಸೊಂಟ! ನೀವು ನಡೀರಿ," ಎಂದು ಹಿಂದೆ ಉಳಿದ. ಅವರು ತಿರುಗಿ ಬರುವಷ್ಟರಲ್ಲಿ ಕೊಳದ ಬಳಿಯ ಪೊಟರೆಯಲ್ಲಿ ತೂಗುಹಾಕಿದ್ದ ಮೀನಿನ ಮಾಲೆ ಮಾಯವಾಗಿತ್ತು. ಮೆಣಸು ಸವರಿ ಹೊಗೆಯಲ್ಲಿ ಒಣಗಿಸಿದ ಮೀನು, ಇಡೀ ಹಬ್ಬದ ರುಚಿಯೇ ಅದರಲ್ಲಿತ್ತು.

"ಇನ್ಯಾರು? ಇಲ್ಲಿ ಒಬ್ಬನೇ ಇದ್ದೋನು ಝೆನೋ," ಎಂದ ಅಲ್ಸೀಡ್. "ನೀರುನಾಯಿ, ಮೀನು... ಬಿಡಿಸಿ ಹೇಳಬೇಕಾ?"

"ನಾನು ಒಲೆ ಬಿಟ್ಟು ಕದಲಿಲ್ಲ," ಎಂದ ಝೆನೋ.

ಯಾರೂ ಕೇಳಲಿಲ್ಲ. ಹಸಿವಿಗೆ ಸಿಟ್ಟು ಸೇರಿತ್ತು. "ಕತ್ತಲಾಗೋ ಮೊದಲು ಈ ಕಾಡು ಬಿಟ್ಟು ಹೋಗು," ಎಂದು ಮೊಸಳೆ ಗಸ್ಪಾರ್ ಮಾವ ಗುಡುಗಿದ. ಝೆನೋ ತಲೆ ತಗ್ಗಿಸಿ ಸೌಟು ತಿರುಗಿಸುತ್ತಲೇ ಇದ್ದ. ಒಡೀಲಜ್ಜಿ ನಿಧಾನವಾಗಿ ಬಂದು ಕೊಪ್ಪರಿಗೆಯೊಳಗೆ ಇಣುಕಿದಳು. ಹಿಟ್ಟು ಬೆಲ್ಲದ ಬಣ್ಣಕ್ಕೆ ತಿರುಗಿತ್ತು.

"ಎಲ್ಲರೂ ಒಂದ್ಸಲ ಇದನ್ನ ನೋಡಿಬಿಡಿ," ಎಂದಳು. ಎಲ್ಲರೂ ನೋಡಿದರು. "ಅಲ್ಸೀಡ್, ಇವನು ಹೋಗೋನು ತಾನೆ, ಸೌಟು ನೀನು ಹಿಡಿ."

"ಅದೇನು ಮಹಾ ಕೆಲಸ!" ಅಲ್ಸೀಡ್ ಸೌಟು ಹಿಡಿದ. ಆದರೆ ಬಾಯಿ ಸುಮ್ಮನಿರಬೇಕಲ್ಲ? "ಸಾಕ್ಷಿ ಬೇಕಾ? ಪೊಟರೆಯಿಂದ ಕೊಳದವರೆಗೆ ಒದ್ದೆ ಗುರುತು ಇದೆ. ಬನ್ನಿ, ತೋರಿಸ್ತೀನಿ!" ಸೌಟನ್ನು ಕೊಪ್ಪರಿಗೆಯಲ್ಲೇ ಬಿಟ್ಟು ಮುಂದೆ ಮುಂದೆ ನಡೆದ. ಅಜ್ಜಿ ಅದನ್ನು ಕಂಡೂ ಕಾಣದಂತೆ ಝೆನೋನನ್ನೂ ಕರೆದುಕೊಂಡು ಎಲ್ಲರ ಜೊತೆ ಹೊರಟಳು.

ಕೊಳದ ದಂಡೆಯಲ್ಲಿ ಒದ್ದೆ ಗುರುತು ಇತ್ತು, ಸುಳ್ಳಲ್ಲ. ಆದರೆ ನೀರಿನ ಮೇಲೆ ಎಣ್ಣೆಯ ಜಿಡ್ಡು, ಹೊಗೆಯ ಮಸಿ, ಮೆಣಸಿನ ಪುಡಿ ತೇಲುತ್ತಿದ್ದವು.

"ಅಲ್ಲಾ, ಹೊಗೆಮೀನನ್ನ ಯಾರಾದರೂ ತೊಳೀತಾರಾ?" ಎಂದಳು ಹೆಜ್ಜಾರ್ಲೆ ಕ್ಲೋಟಿಲ್ಡ್. "ನಾನಂತೂ ಹಾಗೇ ನುಂಗ್ತೀನಿ. ಝೆನೋನೂ ಹಾಗೇ ತಿನ್ನೋದು, ನೋಡಿದ್ದೀನಿ."

ಎಲ್ಲರ ಕಣ್ಣೂ ಅಲ್ಸೀಡ್‌ನ ಕೈಗಳ ಮೇಲೆ ಬಿತ್ತು. ಅವು ಗಾಬರಿಯಲ್ಲಿ ಒಂದನ್ನೊಂದು ಉಜ್ಜಿಕೊಳ್ಳುತ್ತಿದ್ದವು. ಅಷ್ಟರಲ್ಲಿ ಒಲೆಯ ಕಡೆಯಿಂದ ಸೀದ ವಾಸನೆ ಗಪ್ಪನೆ ಬಂತು.

"ಇಷ್ಟೇ ಹೊತ್ತು ಸೌಟು ನಿಂತಿದ್ದಕ್ಕೇ ಹಿಟ್ಟು ಇದ್ದಿಲಾಯ್ತು," ಎಂದಳು ಅಜ್ಜಿ. "ಝೆನೋ ಹುರಿದ ಹಿಟ್ಟಲ್ಲಿ ಒಂದು ಕರಿ ಚುಕ್ಕೆಯಾದರೂ ಕಂಡಿರಾ? ಒಲೆ ಬಿಟ್ಟು ಇಲ್ಲಿಗೆ ಬಂದು ಮೀನು ತಿಂದು ಹೋಗಿದ್ದರೆ ಹಾಗೆ ಇರ್ತಿತ್ತಾ? ಹುಟ್ಟಿದಾಗಿಂದ ಹಿಟ್ಟು ಹುರಿದವರು ನಾವು. ನಮಗೇ ಹೊಳೀಲಿಲ್ಲವಲ್ಲ, ನಾಚಿಕೆಯಾಗಬೇಕು!"

ಎಲ್ಲರ ಮುಖವೂ ಸಣ್ಣದಾಯಿತು. ಅಲ್ಸೀಡ್ ಅಳುತ್ತ ತಪ್ಪೊಪ್ಪಿಕೊಂಡ. ಗಸ್ಪಾರ್ ಮಾವ ದಡದಡನೆ ಹೋಗಿ ಅಲ್ಸೀಡ್‌ನ ಬೋಗುಣಿಯನ್ನು ಮರದಿಂದ ಕಿತ್ತುಕೊಂಡ. ಇನ್ನೇನು ಒಲೆಗೆ ಎಸೆಯಬೇಕು, ಝೆನೋ ಅಡ್ಡ ನಿಂತ.

"ಬೇಡ ಮಾವ. ಬೋಗುಣಿ ಇಲ್ಲದೆ ಈ ಮರದ ಕೆಳಗೆ ನಿಲ್ಲೋದು ಎಂಥ ಕಷ್ಟ ಅಂತ ನನಗೆ ಗೊತ್ತು."

ಗಸ್ಪಾರ್ ಮಾವನ ಕಣ್ಣು ತುಂಬಿ ಬಂತು. ಮೊಸಳೆಯದಾದರೂ ಆ ದಿನದ ಕಣ್ಣೀರು ನಿಜವಾದದ್ದೇ. ಬೋಗುಣಿಯನ್ನು ಇದ್ದಲ್ಲೇ ತೂಗುಹಾಕಿದ.

"ಸರಿ," ಎಂದಳು ಒಡೀಲಜ್ಜಿ. "ಹೊಸ ಹಿಟ್ಟು ಹುರಿಯೋನು ಅಲ್ಸೀಡ್. ಸೊಂಟ ಹಿಡಿದರೂ ಸೌಟು ಬಿಡೋ ಹಾಗಿಲ್ಲ!"

ಪಿಟೀಲು ಶುರುವಾಯಿತು. ಎಲ್ಲರೂ ಕುಣಿದರು. ಅಲ್ಸೀಡ್ ಮಾತ್ರ ಬೆವರು ಸುರಿಸುತ್ತ ಸೌಟು ತಿರುಗಿಸಿದ, ತಿರುಗಿಸಿದ, ತಿರುಗಿಸುತ್ತಲೇ ಇದ್ದ. ಸಾರು ಕುದಿಯುವ ಹೊತ್ತಿಗೆ ಅಜ್ಜಿ ತನ್ನ ಚಿಪ್ಪಿನ ಕೆಳಗಿಂದ ಝೆನೋಗಾಗಿ ಒಂದು ಹೊಸ ಬೋಗುಣಿ ತೆಗೆದಳು. ಅದನ್ನು ಅವಳು ಎಂದೋ ಕೆತ್ತಿಟ್ಟಿದ್ದಳು. ಮೊದಲ ಸೌಟು ಸಾರು ಅದಕ್ಕೇ ಬಿತ್ತು. ಝೆನೋ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಆಮೇಲೆ ಒಲೆಯ ಬಳಿ ಹೋಗಿ ಅಲ್ಸೀಡ್‌ಗೆ ನೀಡಿದ.

"ಕೈ ಸೋತಿದೆ, ಮೊದಲು ನೀನು ಕುಡಿ. ತೊಳೆಯೋಕೆ ಮಾತ್ರ ಹೋಗಬೇಡಪ್ಪಾ, ಇದು ಸಾರು!"

ಅಲ್ಸೀಡ್ ಅಳುತ್ತಲೇ ನಕ್ಕುಬಿಟ್ಟ.

ನೀತಿ: ತನ್ನ ತಪ್ಪನ್ನು ಇನ್ನೊಬ್ಬರ ಮೇಲೆ ಹೊರಿಸಲು ಹೋದವನು ತಾನೇ ಸಿಕ್ಕಿಬೀಳುತ್ತಾನೆ, ಹೊಸಬನೆಂಬ ಒಂದೇ ಕಾರಣಕ್ಕೆ ಯಾರನ್ನೂ ಕಳ್ಳನೆನ್ನಬಾರದು.