ಕೆಂಪುಪ್ಪಿನ ಹಡಗು

“ಬುದ್ಧಿ, ನೀವು ಹೋದ ಮೇಲೆ ನನ್ನ ಸಂಶಯಗಳನ್ನು ಯಾರಲ್ಲಿ ಕೇಳಲಿ?”

ಕೇಳಿದವನು ಚನ್ನವೀರ, ಮಠದ ಹಿರಿಯ ಶಿಷ್ಯ. ಗುರುಗಳು ಹಾಸಿಗೆ ಹಿಡಿದಿದ್ದರು. ಈ ಸಲ ಏಳುವುದು ಕಷ್ಟವೆಂದು ವೈದ್ಯರು ಹೇಳಿ ಹೋಗಿದ್ದರು. ಹಿಂದೊಮ್ಮೆ ಕಾಯಿಲೆ ಬಿದ್ದಾಗ ಗುರುಗಳ ಮಾತೇ ನಿಂತುಹೋಗಿತ್ತು. ಆ ಮಳೆಗಾಲವಿಡೀ ಚನ್ನವೀರ ತನ್ನ ಸಂಶಯಗಳ ಜೊತೆ ತಾನೇ ಗುದ್ದಾಡಿದ್ದ, ಕಿರಿಯರಿಗೆ ಪಾಠವನ್ನೂ ಹೇಳಿದ್ದ. ಮಾತು ಮರಳಿತೆಂದು ತಿಳಿದ ಕೂಡಲೇ ಓಡಿಬಂದು, ಮೊದಲಿನಂತೆ ಎಲ್ಲವನ್ನೂ ಗುರುಗಳನ್ನೇ ಕೇಳತೊಡಗಿದ್ದ.

“ಅಳುವುದಿದ್ದರೆ ಆಮೇಲೆ ಅಳುವೆಯಂತೆ. ಈಗ ಇದನ್ನು ಕೇಳು,” ಎಂದರು ಗುರುಗಳು.

ಒಂದು ಊರಿನಲ್ಲಿ ಒಬ್ಬ ರೈತನಿದ್ದ. ಅವನದು ಬಾಳೆಯ ತೋಟ. ಬಾಳೆ ಹೊಟ್ಟೆಬಾಕ ಗಿಡ ಕಣಯ್ಯಾ, ಅದಕ್ಕೆ ಪೊಟ್ಯಾಷ್ ಗೊಬ್ಬರ ಬೇಕೇ ಬೇಕು. ಊರಿನವರು ಅದನ್ನು ಕೆಂಪುಪ್ಪು ಎನ್ನುತ್ತಿದ್ದರು. ಅದು ಸಮುದ್ರದಾಚೆಯಿಂದ ಹಡಗಿನಲ್ಲಿ ಬರುತ್ತಿತ್ತು. ಯಾವ ದೇಶ, ಅಲ್ಲಿ ಅಗೆಯುವವರು ಯಾರು, ಒಬ್ಬರಿಗೂ ಗೊತ್ತಿರಲಿಲ್ಲ. ಅಂಗಡಿಗೆ ಹೋದರೆ ಚೀಲ ಸಿಗುತ್ತಿತ್ತು, ಅವರಿಗೆ ಅಷ್ಟೇ ಸಾಕಾಗಿತ್ತು.

ಒಂದು ವರ್ಷ ಸಮುದ್ರದಾಚೆ ಯುದ್ಧ ಹತ್ತಿಕೊಂಡಿತು. ಹಡಗು ಬರಲಿಲ್ಲ. ಬಾಳೆಯ ಹಳೆ ಎಲೆಗಳ ಅಂಚು ಸುಟ್ಟಂತೆ ಒಣಗಿತು. ಗೊನೆ ಸಣ್ಣಗಾಯಿತು. ಆ ತೋಟ ಬಿಟ್ಟರೆ ರೈತನಿಗೆ ಬೇರೆ ಗತಿ ಇರಲಿಲ್ಲ.

ಊರ ಹಿಂದೆ ಒಂದು ಬೆಟ್ಟ. ಅದರ ಬುಡದಲ್ಲಿ ಹಸಿರು ಛಾಯೆಯ ಕಲ್ಲು. ಆ ಕಲ್ಲಿನೊಳಗೂ ಅದೇ ಉಪ್ಪಿನ ಸತ್ವವಿದೆ ಎಂದು ಬಲ್ಲವರು ಹೇಳಿದರು. ಆದರೆ ಕಲ್ಲು ಮಹಾ ಜಿಪುಣ, ಸುಲಭಕ್ಕೆ ಬಿಡುವುದಿಲ್ಲ. ಅದನ್ನು ಹಿಟ್ಟಿನಂತೆ ಕುಟ್ಟಬೇಕು, ಗುಂಡಿಯಲ್ಲಿ ಸಗಣಿಯೊಡನೆ ಕಲಸಿ ಕೊಳೆಹಾಕಬೇಕು, ಆಗಾಗ ತಿರುವಿಹಾಕುತ್ತಾ ವರ್ಷ ಕಾಯಬೇಕು. ಗಂಡ ಹೆಂಡತಿ ಇಬ್ಬರೂ ಕುಟ್ಟಿದರು. ಅಂಗೈಯಲ್ಲಿ ಬೊಬ್ಬೆ ಎದ್ದಿತು. ಬಾಳೆಗೆ ಕಲ್ಲು ತಿನ್ನಿಸುತ್ತಾನಂತೆ ಎಂದು ಊರೆಲ್ಲ ನಕ್ಕಿತು. ಮೊದಲ ಬೆಳೆಯಲ್ಲಿ ಏನೂ ಕಾಣಲಿಲ್ಲ. ಮುಂದಿನ ಬೆಳೆಯಲ್ಲಿ ಎಲೆಯ ಅಂಚು ಹಸಿರಾಗಿಯೇ ನಿಂತಿತು. ಗೊನೆ ತುಂಬಿ ಬಂದದ್ದನ್ನು ನೋಡಿ ಹೆಂಡತಿ ಸಂತೋಷಕ್ಕೆ ಅತ್ತುಬಿಟ್ಟಳು.

ಅಷ್ಟರಲ್ಲಿ ಹಡಗು ಬಂತು.

ರೈತ ಗುದ್ದಲಿ ತೆಗೆದುಕೊಂಡು ಗುಂಡಿ ಮುಚ್ಚಲು ಹೊರಟ. ಹೆಂಡತಿ ಅಡ್ಡ ಬಂದಳು.

“ಮುಚ್ಚಬೇಡಿ. ಒಂದು ಮೂಲೆಯಲ್ಲಿ ಅದೂ ಇರಲಿ.”

“ಅಂಗಡಿಯಲ್ಲಿ ಚೀಲ ಬಿದ್ದಿರುವಾಗ ಕಲ್ಲು ಕುಟ್ಟುತ್ತಾ ಕೂರಲು ನನಗೇನು ತಲೆ ಕೆಟ್ಟಿದೆಯೇ?”

ಗುಂಡಿ ಮುಚ್ಚಿದ, ಅದರ ಮೇಲೂ ಬಾಳೆಯ ಕಂದು ನೆಟ್ಟ. ಕುಟ್ಟಲು ಹಾಸಿದ್ದ ಚಪ್ಪಡಿ ಬಚ್ಚಲು ಸೇರಿ ಬಟ್ಟೆ ಒಗೆಯುವ ಕಲ್ಲಾಯಿತು. ಬೆಟ್ಟದ ಬುಡದಲ್ಲಿ ಮುಳ್ಳು ಬೆಳೆಯಿತು. ಹಡಗು ತಪ್ಪದೆ ಬರುತ್ತಿತ್ತು. ರೈತ ತೋಟವನ್ನು ಇನ್ನಷ್ಟು ದೊಡ್ಡದು ಮಾಡಿದ.

ಹಲವು ವರ್ಷಗಳ ಮೇಲೆ ಮತ್ತೆ ಯುದ್ಧ, ಮತ್ತೆ ಹಡಗಿಲ್ಲ. ರೈತ ಎದ್ದು ಬಿದ್ದು ಬೆಟ್ಟಕ್ಕೆ ಓಡಿದ. ಮುಳ್ಳು ಕಡಿದ. ಕಲ್ಲು ಇದ್ದಲ್ಲೇ ಇತ್ತು. ಹಗಲೆಲ್ಲ ಕುಟ್ಟಿದ, ಅಂಗೈ ಒಡೆದು ರಕ್ತ ಬಂತು, ಆದರೂ ಬಿಡಲಿಲ್ಲ. ಏನು ಪ್ರಯೋಜನ? ಗುಂಡಿಗೆ ವರ್ಷ ಬೇಕು, ತೋಟ ಅಷ್ಟು ದಿನ ಕಾಯುವುದಿಲ್ಲ. ಗುಂಡಿ ಹದಕ್ಕೆ ಬರುವ ಮೊದಲೇ ಬಾಳೆಗಳು ಅರೆಗೊನೆ ಹೊತ್ತು ಮುರಿದು ಬಿದ್ದವು. ರೈತ ಬೆಟ್ಟದ ಬುಡದಲ್ಲಿ ಕುಳಿತು, ಎಲ್ಲವನ್ನೂ ಹೊಟ್ಟೆಯಲ್ಲಿಟ್ಟುಕೊಂಡು ನನ್ನನ್ನು ಮುಳುಗಿಸಿದೆಯಲ್ಲಾ ಎಂದು ಬೆಟ್ಟಕ್ಕೆ ಬಾಯಿಗೆ ಬಂದಂತೆ ಬೈದ.

ಇಷ್ಟು ಹೇಳುವಷ್ಟರಲ್ಲಿ ಗುರುಗಳಿಗೆ ಕೆಮ್ಮು ಬಂತು. ಚನ್ನವೀರ ನೀರು ಕುಡಿಸಿದ. ಅವನಿಗೆ ರೈತನ ಮೇಲೆ ಸಿಟ್ಟು ಬಂದಿತ್ತು.

“ಪಾಪ, ಬೆಟ್ಟ ಏನು ಮಾಡೀತು ಬುದ್ಧಿ? ಅದು ಬಚ್ಚಿಟ್ಟುಕೊಂಡಿರಲಿಲ್ಲವಲ್ಲ. ಹಡಗು ಬರುತ್ತಿದ್ದಾಗಲೂ ಅವನು ಕುಟ್ಟುತ್ತಿರಬೇಕಿತ್ತು.”

ಗುರುಗಳು ಅವನ ಕೈಯನ್ನು ತಮ್ಮ ಕೈಗೆ ತೆಗೆದುಕೊಂಡರು.

“ನನ್ನ ಮಾತು ಮರಳಿದ ದಿನ ನೀನು ಕುಟ್ಟುವುದನ್ನು ಯಾಕಪ್ಪಾ ನಿಲ್ಲಿಸಿದೆ?”